‘ಶಿಕಿ’ ಎರಡನೇ ಓದು: ನಾನು ಎಡವಿದ್ದು ಹೆಣ ಹೂಳುವ ಪುಟದಲ್ಲಿ

ನಿನ್ನೆ ರಾತ್ರಿ ‘ಶಿಕಿ’ ಅನ್ನುವ ಮಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಕೊನೆಯ 11ನೇ ಸಂಪುಟವನ್ನು ಎರಡನೇ ಸಲ ಮುಗಿಸಿದೆ. ಮೊದಲ ಓದಿನಲ್ಲಿ ಕಥೆಯ ಮೂಲ ಗಂಟೇ ನನ್ನ ಕೈತಪ್ಪಿ ಹೋಗಿತ್ತು. ಮತ್ತೆ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕೊನೆಯ ತನಕ ಏನಾಗುತ್ತದೆ ಅಂತ ಎಲ್ಲ ಹೇಳಿಬಿಡುತ್ತೇನೆ, ಹಾಗಾಗಿ ಇನ್ನೂ ಓದದವರು ಇಲ್ಲೇ ನಿಲ್ಲಿಸಿ.

ಹಿನ್ನೆಲೆ ಚಿಕ್ಕದಾಗಿ. ಮೂಲ ಫುಯುಮಿ ಓನೊ ಅವರ 1998ರ ಕಾದಂಬರಿ. ರ್ಯೂ ಫುಜಿಸಾಕಿ 2007ರಿಂದ 2011ರವರೆಗೆ ಅದನ್ನು ಮಂಗಾ ಮಾಡಿದರು. 2010ರಲ್ಲಿ ಅನಿಮೆಯೂ (ಕಾರ್ಟೂನ್ ಸರಣಿ) ಬಂತು. ಬೆಟ್ಟಗಳ ನಡುವೆ ಸೊತೊಬಾ ಅನ್ನುವ ಹಳ್ಳಿ, 1300ರಷ್ಟು ಜನ, ಸುಡು ಬೇಸಿಗೆ. ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಡಾಕ್ಟರ್ ತೊಶಿಯೊ ಒಜಾಕಿ ಇದು ಅಂಟುರೋಗ ಅಂದುಕೊಳ್ಳುತ್ತಾನೆ. ರೋಗ ಅಲ್ಲ.

ಮಣ್ಣು

ಶುರುವಿನಲ್ಲೇ ಮೆಗುಮಿ ಅನ್ನುವ ಹುಡುಗಿ ಸಾಯುತ್ತಾಳೆ. ಪೆಟ್ಟಿಗೆಯಲ್ಲಿಟ್ಟು ಹೂಳುತ್ತಾರೆ. ನಾನು ಸುಮ್ನೆ ಪುಟ ತಿರುಗಿಸಿದೆ. ಸತ್ತವರನ್ನು ಹೂಳುತ್ತಾರೆ, ಅದರಲ್ಲೇನಿದೆ?

ಎಡವಿದ್ದು ಇಲ್ಲೇ. ನಮ್ಮದು ಉತ್ತರ ಕರ್ನಾಟಕದ ಲಿಂಗಾಯತರ ಮನೆ. ಸಾವಿನ ಸುದ್ದಿ ಬಂದರೆ ಮೊದಲ ಪ್ರಶ್ನೆ ‘ಮಣ್ಣು ಎಷ್ಟೊತ್ತಿಗೆ?’ ಅಂತ. ಅಜ್ಜನನ್ನು ಹೊಲದ ಬದುವಿನಲ್ಲೇ ಕೂರಿಸಿ ಮಣ್ಣು ಮಾಡಿದರು. ಗುಂಡಿಗೆ ಉಪ್ಪು, ವಿಭೂತಿ, ಪತ್ರಿ ಹಾಕಿದ್ದು, ನನ್ನ ಕೈಯಲ್ಲೂ ಒಂದು ಹಿಡಿ ಮಣ್ಣು ಕೊಟ್ಟಿದ್ದು, ಅದು ಒದ್ದೆಯಾಗಿತ್ತು ಅನ್ನೋದು ಕೂಡ ನೆನಪಿದೆ. ಹಾಗಾಗಿ ಹೂಳುವ ಚಿತ್ರ ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ಜಪಾನಿನ ಓದುಗನಿಗೆ ಅದೇ ಚಿತ್ರ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಯಾಕೆಂದರೆ ಅಲ್ಲಿ ಈಗ ನೂರಕ್ಕೆ 99ಕ್ಕಿಂತ ಹೆಚ್ಚು ಹೆಣಗಳನ್ನು ಸುಡುತ್ತಾರೆ. ಸುಟ್ಟ ಮೇಲೆ ಮನೆಯವರು ಉದ್ದ ಕಡ್ಡಿಗಳಿಂದ ಮೂಳೆ ಎತ್ತಿ ಮಡಕೆಗೆ ಹಾಕುತ್ತಾರೆ. ಉಳಿಯೋದು ಅಷ್ಟೇ. ಸೊತೊಬಾ ಮಾತ್ರ ಹಳೇ ಪದ್ಧತಿ ಬಿಟ್ಟಿಲ್ಲ, ಇನ್ನೂ ಹೂಳುತ್ತದೆ.

ಈಗ ಒಂದೊಂದೇ ಹೆಜ್ಜೆ ಇಡೋಣ, ನನಗೆ ಹೀಗೆ ಬರೆದುಕೊಂಡ ಮೇಲೇ ತಲೆಗೆ ಹೋಗಿದ್ದು. ಶಿಕಿ, ಅಂದರೆ ಸತ್ತು ಎದ್ದು ಬಂದು ರಕ್ತ ಕುಡಿದು ಬದುಕುವ ದೆವ್ವ, ಒಬ್ಬನ ರಕ್ತ ಕುಡಿಯುತ್ತದೆ. ಒಂದೇ ರಾತ್ರಿಗೆ ಸಾಯುವುದಿಲ್ಲ. ಮತ್ತೆ ಮತ್ತೆ ಬಂದು ಕುಡಿಯುತ್ತದೆ, ಅವನು ಬಿಳಿಚಿಕೊಂಡು ಮಂಕಾಗುತ್ತಾನೆ, ಕೆಲವೇ ದಿನದಲ್ಲಿ ಸಾಯುತ್ತಾನೆ. ಡಾಕ್ಟರ್ ಕಣ್ಣಿಗೆ ಅದು ರಕ್ತಹೀನತೆ. ಆಮೇಲೆ ಹೂಳುತ್ತಾರೆ. ಹೂಳಿದವರಲ್ಲಿ ಕೆಲವರು ಕೆಲವು ದಿನದ ನಂತರ ಏಳುತ್ತಾರೆ. ‘ಕೆಲವರು’ ಅನ್ನೋದಕ್ಕೆ ಗೆರೆ ಎಳೆದುಕೊಳ್ಳಿ. ನಾಓ ಅನ್ನುವ ಸೊಸೆ ಎದ್ದು ಬಂದು, ಗಂಡ, ಮಗು, ಅತ್ತೆ, ಮಾವ ಎಲ್ಲರೂ ತನ್ನ ಜೊತೆಗೇ ಇರಲಿ ಅನ್ನುವ ಆಸೆಗೆ ತನ್ನ ಮನೆಯನ್ನೇ ತಿಂದು ಮುಗಿಸುತ್ತಾಳೆ. ಅವರಲ್ಲಿ ಒಬ್ಬರೂ ಏಳುವುದಿಲ್ಲ. ಸರಿ, ಏಳಬೇಕಾದರೆ ಏನು ಬೇಕು? ದೇಹ ಬೇಕು. ಸುಟ್ಟರೆ ದೇಹ ಇಲ್ಲ.

ಅಂದರೆ ಶಿಕಿಗಳು ಊರು ಕಟ್ಟಿಕೊಂಡು ಬದುಕಬೇಕು ಅಂದರೆ ಜಪಾನಿನಲ್ಲಿ ಅವರಿಗೆ ಜಾಗವೇ ಇಲ್ಲ, ಹೆಣ ಹೂಳುವ ಇಂಥ ಒಂದು ಹಳ್ಳಿ ಬಿಟ್ಟರೆ. ಬೆಟ್ಟ, ಕತ್ತಲು, ಮೂಢನಂಬಿಕೆ ಇರೋದಕ್ಕೆ ಹಳ್ಳಿಗೆ ಬಂದರು ಅಂತ ಮೊದಲು ಅಂದುಕೊಂಡಿದ್ದೆ. ಅಲ್ಲ. ಮಣ್ಣಿಗಾಗಿ ಬಂದರು. ಊರಿನವರು ಸತ್ತವರನ್ನು ಬೆಂಕಿಗೆ ಕೊಡದೆ ಜೋಪಾನ ಮಾಡಿದ್ದೇ ಊರಿಗೆ ಮುಳುವಾಯಿತು.

ಊರಿನ ಹೆಸರಲ್ಲೇ ಇದರ ಸುಳಿವಿದೆ. ಸೊತೊಬಾ ಅಂದರೆ ಸಮಾಧಿಯ ಹಿಂದೆ ನೆಡುವ, ಸತ್ತವರ ಹೆಸರು ಬರೆದ ಮರದ ಹಲಗೆ. ಆ ಪದ ನಮ್ಮ ‘ಸ್ತೂಪ’ವೇ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಹೋಗಿದ್ದು. ಈ ಊರಿನವರು ತಲೆತಲಾಂತರದಿಂದ ಅದನ್ನು ಮಾಡಿ ಮಾರಿದವರು. ಆದರೆ ಊರಿನ ಹೆಸರನ್ನು ಬರೆಯುವ ಅಕ್ಷರಗಳಿಗೆ ‘ಹೊರಗಿನ ಜಾಗ’ ಅಂತ ಅರ್ಥ ಬರುತ್ತದೆ. ಅನುವಾದದಲ್ಲಿ ಈ ಆಟ ಪೂರ್ತಿ ಮಾಯ.

ಹೆಸರು ನೆನಪಿಡಲು ನನ್ನ ದಾರಿ

ಪಾತ್ರಗಳು ಸಿಕ್ಕಾಪಟ್ಟೆ. ಹೆಸರು ಬಾಯಿಪಾಠ ಮಾಡಬೇಡಿ, ಮನೆ ನೆನಪಿಡಿ. ನಮ್ಮೂರಲ್ಲಿ ಗೌಡರ ಮನೆ, ಶಾನುಭೋಗರ ಮನೆ ಅನ್ನುತ್ತೇವಲ್ಲ, ಹಾಗೇ. ಊರಿಗೆ ಮೂರು ದೊಡ್ಡ ಮನೆ: ಯಜಮಾನಿಕೆಯ ಕಾನೆಮಾಸಾ, ಮುರೋಯಿಗಳ ದೇವಸ್ಥಾನ, ಒಜಾಕಿ ಆಸ್ಪತ್ರೆ. ಕಾನೆಮಾಸಾದವರು ಊರು ಬಿಟ್ಟಿದ್ದಾರೆ. ಆ ಖಾಲಿ ಜಾಗಕ್ಕೇ ಶಿಕಿಗಳನ್ನು ಊರಿಗೆ ತಂದ ಕಿರಿಶಿಕಿ ಕುಟುಂಬ ಬಂದು ಕೂರೋದು. ಸತ್ತವರಿಗೆ ಸರ್ಟಿಫಿಕೇಟ್ ಬರೆಯುವವನು ಡಾಕ್ಟರ್, ಮಂತ್ರ ಹೇಳುವವನು ಕಾದಂಬರಿಯನ್ನೂ ಬರೆಯುವ ಸನ್ಯಾಸಿ ಸೇಶಿನ್. ಊರಿನ ಸಾವೆಲ್ಲ ಈ ಇಬ್ಬರು ಬಾಲ್ಯದ ಗೆಳೆಯರ ಕೈಮೇಲೇ ಹಾಯುತ್ತದೆ. ಹಾಗಾಗಿ ಮೊದಲು ಅನುಮಾನ ಬರುವುದೂ ಅವರಿಗೇ.

ಇನ್ನೊಂದು ಚಿಕ್ಕ ವಿಷಯ, ನನಗೆ ಬಹಳ ಇಷ್ಟವಾದದ್ದು. ಊರ ಹೊರಗೆ ಕೆಲಸಕ್ಕೆ ಹೋಗುವವರು ಸಾಯುವ ಮುಂಚೆ ರಾಜೀನಾಮೆ ಕೊಟ್ಟಿರುತ್ತಾರೆ. ಯಾಕೆ? ಕೆಲಸಕ್ಕೆ ಬರಲಿಲ್ಲ ಅಂತ ಹೊರಗಿನವರು ವಿಚಾರಿಸಿಕೊಂಡು ಬರಬಾರದಲ್ಲ. ಕಚ್ಚಿಸಿಕೊಂಡವನು ಕಚ್ಚಿದವರು ಹೇಳಿದಂತೆ ಕೇಳುತ್ತಾನೆ. ‘ರಾಜೀನಾಮೆ ಬರಿ’ ಅಂದರೆ ಬರೆಯುತ್ತಾನೆ. ರಕ್ತಕ್ಕಿಂತ ಆ ರಾಜೀನಾಮೆ ಪತ್ರಗಳೇ ನನ್ನನ್ನು ಜಾಸ್ತಿ ಹೆದರಿಸಿದ್ದು.

ಮೂರು ಪದ

ಒಕಿಯಗರಿ: ‘ಎದ್ದು ಬಂದವರು’, ಊರಿನವರ ಹಳೇ ಮಾತು. ಶಿಕಿ: ಹೆಣ, ದೆವ್ವ ಎರಡೂ ಅಕ್ಷರ ಸೇರಿಸಿ ಸೇಶಿನ್ ತನ್ನ ಕಾದಂಬರಿಗೆ ಮಾಡಿಕೊಂಡ ಪದ. ಅದೇ ಉಚ್ಚಾರಣೆಗೆ ‘ನಾಲ್ಕು ಋತು’ ಅಂತಲೂ, ‘ಸಾಯುವ ಗಳಿಗೆ’ ಅಂತಲೂ ಅರ್ಥ ಇದೆ. ಜಿನ್ರೋ: ಅಪರೂಪಕ್ಕೆ ಬೇರೆ ಥರ ಎದ್ದವರು. ಬಿಸಿಲಲ್ಲಿ ಓಡಾಡಬಲ್ಲರು, ಅನ್ನ ತಿಂದು ಬದುಕಬಲ್ಲರು. ಈ ಕೊನೆಯದು ಮುಂದೆ ಬೇಕಾಗುತ್ತದೆ.

ಒಳಗೆ ಬಾ

ಕರೆಯದ ಮನೆಗೆ ಶಿಕಿ ಹೋಗುವಂತಿಲ್ಲ. ನಮ್ಮ ಕಡೆ ಒಂದು ಕಾಲದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಬರೆಯುತ್ತಿದ್ದರಲ್ಲ, ಗುರುತಿನವರ ದನಿಯಲ್ಲಿ ಕರೆಯುವ ದೆವ್ವಕ್ಕೆ, ಅದು ನೆನಪಾಯಿತು. ಆದರೆ ಇಲ್ಲಿ ಬಾಗಿಲಿಗೆ ಏನು ಬರೆದರೂ ಪ್ರಯೋಜನವಿಲ್ಲ. ಮನೆಯಲ್ಲಿ ಒಬ್ಬನನ್ನು ಹೊರಗೆ ಎಲ್ಲೋ ಕಚ್ಚಿದರೆ ಸಾಕು, ಅವನೇ ‘ಬಾ’ ಅನ್ನುತ್ತಾನೆ.

ಇದನ್ನೇ ದೊಡ್ಡದು ಮಾಡಿ ನೋಡಿ. ಈ ಊರು ಕಿರಿಶಿಕಿಗಳಿಗೆ ಗೊತ್ತಾಗಿದ್ದು ಹೇಗೆ? ಸೇಶಿನ್ ತನ್ನ ಊರಿನ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ಅವನ ಅಭಿಮಾನಿ, ಕಿರಿಶಿಕಿ ಮನೆಯ ಶಿಕಿ ಸುನಾಕೊ ಅದನ್ನು ಓದಿದ್ದಳು. ನೋಡಲು ಚಿಕ್ಕ ಹುಡುಗಿ, ಆದರೆ ಎಷ್ಟೋ ದಶಕದಿಂದ ಇರುವವಳು. ಊರಿನ ಬಾಗಿಲು ತೆರೆದು ‘ಬಾ’ ಅಂದವನು ಊರಿನ ಸನ್ಯಾಸಿಯೇ. ಅವನಿಗೆ ಅದು ಗೊತ್ತಿರಲಿಲ್ಲ, ಅಷ್ಟೇ.

ಕೆಟ್ಟವರು ಯಾರು?

‘ಎರಡೂ ಕಡೆ ತಪ್ಪಿದೆ’ ಅಂತ ಬರೆದು ಮುಗಿಸುವುದು ಸುಲಭ. ನಾನೂ ಮೊದಲು ಅಷ್ಟೇ ಬರೆದಿದ್ದೆ, ಈಗ ಹೊಡೆದುಹಾಕಿದ್ದೇನೆ. ಅದರ ಬದಲು ಒಂದು ಗೆರೆ ಎಳೆದು, ರಕ್ತ ಯಾರಿಗೆ ಎಷ್ಟು ಅನಿವಾರ್ಯ ಅನ್ನುವ ಲೆಕ್ಕದಲ್ಲಿ ಎಲ್ಲರನ್ನೂ ನಿಲ್ಲಿಸಿದೆ.

ಒಂದು ತುದಿಗೆ ಸೇಶಿರೊ ಕಿರಿಶಿಕಿ. ಅವನು ಮನುಷ್ಯ. ರಕ್ತದ ಅಗತ್ಯವೇ ಇಲ್ಲ, ಆದರೂ ಶಿಕಿಗಳ ಪರ. ಪಕ್ಕದಲ್ಲಿ ತಾತ್ಸುಮಿ. ಅವನು ಜಿನ್ರೋ, ಅನ್ನ ತಿಂದು ಬದುಕಬಹುದು, ಆದರೂ ಬೇಟೆ ನಡೆಸುತ್ತಾನೆ. ಆಮೇಲೆ ತೋರು ಅನ್ನುವ ಹುಡುಗ. ಇವನಿಗೆ ರಕ್ತ ಬೇಕೇ ಬೇಕು. ಆಪ್ತ ಗೆಳೆಯ ನಾತ್ಸುನೊನ ಕುತ್ತಿಗೆಗೆ ಅಳುತ್ತಲೇ ಬಾಯಿ ಹಾಕುತ್ತಾನೆ. ಇಷ್ಟರವರೆಗೆ ಓದಿದಾಗ ‘ಪಾಪ, ಅವನೇನು ಮಾಡಿಯಾನು’ ಅನ್ನಿಸುತ್ತದೆ. ಆಗ ಗೆರೆಯ ಇನ್ನೊಂದು ತುದಿಗೆ ನರ್ಸ್ ರಿತ್ಸುಕೊ ಬರುತ್ತಾಳೆ. ಎದ್ದು ಬಂದವಳ ಮುಂದೆ ಅವಳ ಜೊತೆ ಕೆಲಸ ಮಾಡುತ್ತಿದ್ದ ನರ್ಸನ್ನೇ ಊಟವಾಗಿ ಕೂರಿಸುತ್ತಾರೆ. ಹಸಿವು ಅವಳಿಗೂ ಅಷ್ಟೇ ಇದೆ. ಕುಡಿಯುವುದಿಲ್ಲ. ಕೊನೆಗೂ ಕುಡಿಯುವುದಿಲ್ಲ.

ಅವಳೊಬ್ಬಳು ಇರುವುದರಿಂದ ಉಳಿದವರ ‘ಬೇರೆ ದಾರಿ ಇರಲಿಲ್ಲ’ ಅನ್ನುವ ಮಾತು ನಿಲ್ಲುವುದಿಲ್ಲ. ಹಾಗಂತ ಬದುಕಬೇಕಾದರೆ ಕುಡಿಯಲೇಬೇಕಾದವರಿಗೆ ‘ಉಪವಾಸ ಬಿದ್ದು ಸಾಯಿ’ ಅಂತ ಹೇಳಲು ನನಗೂ ಬಾಯಿ ಬರಲ್ಲ. ಸುನಾಕೊ ಕೇಳುವುದೂ ಇದನ್ನೇ ಅಲ್ವಾ?

ಈಗ ಅದೇ ಗೆರೆಯ ಮೇಲೆ ಊರಿನವರನ್ನೂ ನಿಲ್ಲಿಸಿ. ತೊಶಿಯೊ ತನ್ನ ಹೆಂಡತಿ ಕ್ಯೋಕೊ ಎದ್ದಾಗ ಆಪರೇಷನ್ ಟೇಬಲ್ಲಿಗೆ ಕಟ್ಟಿಹಾಕಿ ಔಷಧ ಚುಚ್ಚಿ ನೋಡುತ್ತಾನೆ, ಗಾಯ ಮಾಡಿ ನೋಡುತ್ತಾನೆ, ಕೊನೆಗೆ ಎದೆಗೆ ಗೂಟ ಹೊಡೆಯುತ್ತಾನೆ. ಅವನಿಂದಲೇ ಉಳಿದವರಿಗೆ ಬದುಕುವ ದಾರಿ ಸಿಗುವುದು, ಅದು ನಿಜ. ಆದರೆ ಮೆಗುಮಿಯ ಮೇಲೆ ಟ್ರ್ಯಾಕ್ಟರ್ ಹತ್ತಿಸಿ, ಹಿಂದಕ್ಕೆ ತೆಗೆದು, ಮತ್ತೆ ಹತ್ತಿಸುವ ಹೊತ್ತಿಗೆ ಅದು ಪ್ರಾಣ ಉಳಿಸಿಕೊಳ್ಳುವ ಕೆಲಸವಾಗಿ ಉಳಿದಿಲ್ಲ. ಮೊದಲ ಸಂಪುಟದಲ್ಲಿ ಇವರೇ ಆ ಹುಡುಗಿಯನ್ನು ಅಳುತ್ತಾ ಹೂಳಿದವರು.

ಸೇಶಿನ್ ಮಾತ್ರ ನನ್ನ ಗೆರೆಯಲ್ಲಿ ಎಲ್ಲೂ ನಿಲ್ಲುತ್ತಿಲ್ಲ. ಕ್ಯೋಕೊಗೆ ಆದದ್ದನ್ನು ಕಣ್ಣಾರೆ ಕಂಡು ಗೆಳೆಯನನ್ನು ಬಿಟ್ಟು ಹೋಗುತ್ತಾನೆ, ಕೊಲ್ಲುವುದು ತನ್ನಿಂದಾಗದು ಅನ್ನುತ್ತಾನೆ, ತನ್ನ ರಕ್ತವನ್ನು ತಾನೇ ಕೊಡುತ್ತಾನೆ. ಕೊನೆಗೆ ಜಿನ್ರೋ ಆಗಿ ಎದ್ದು, ಸುನಾಕೊಗೆ ಗೂಟ ಹೊಡೆಯಲು ಬಂದ ಹೆಂಡದಂಗಡಿಯ ಒಕಾವಾನನ್ನು ಕೊಂದು, ಊರು ಉರಿಯುತ್ತಿರುವಾಗ ಅವಳನ್ನು ಕರೆದುಕೊಂಡು ಹೊರಟುಬಿಡುತ್ತಾನೆ. ಮೂರು ಕಡೆ ಬರೆದು ಮೂರು ಸಲ ಅಳಿಸಿದ್ದೇನೆ, ಪುಟವೇ ಹರಿದಿದೆ. ನೀವು ಅವನನ್ನು ಎಲ್ಲಿ ನಿಲ್ಲಿಸಿದಿರಿ, ಹೇಳಿ.