ಸಿರಿಂಜಿನ ಮುಚ್ಚಳ ಯಾವ ಬಣ್ಣ?

"ಊಟಾನೇ ಮಾಡ್ಲಿಲ್ಲ ಡಾಕ್ಟ್ರೇ, ಅದಕ್ಕೇ ಸೂಜಿ ಹಾಕ್ಲಿಲ್ಲ."

ಬೆಂಗಳೂರಿನ ತುರ್ತು ವಾರ್ಡಿನಲ್ಲಿ ಈ ಮಾತನ್ನು ಎಷ್ಟು ಅಮ್ಮಂದಿರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಹೇಳಿದವರು ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯೊಬ್ಬಳ ತಾಯಿ. ಹುಡುಗಿಗೆ ಶಾಲೆಗೆ ಹೋಗುವ ವಯಸ್ಸಿನಿಂದಲೂ ಟೈಪ್ 1 ಸಕ್ಕರೆ ಕಾಯಿಲೆ. ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವ ಇನ್ಸುಲಿನ್ ಇಂಥವರ ದೇಹದಲ್ಲಿ ತಯಾರಾಗುವುದಿಲ್ಲ, ದಿನವೂ ಸೂಜಿಯಲ್ಲಿ ಕೊಡಬೇಕು. ಜ್ವರ ಬಂತು, ವಾಂತಿ ಶುರುವಾಯಿತು, ಹೊಟ್ಟೆನೋವು. ಬೀದಿ ಮೂಲೆಯ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂದರು, ಸುಸ್ತಿಗೆಂದು ಒಂದು ಬಾಟಲಿ ಗ್ಲುಕೋಸ್ ಏರಿಸಿ ಕಳಿಸಿದರು. ನಮ್ಮಲ್ಲಿಗೆ ಬರುವಾಗ ಶುಗರ್ 500 ದಾಟಿತ್ತು. ಮೆಟ್ಟಿಲು ಹತ್ತಿ ಓಡಿ ಬಂದವಳ ಹಾಗೆ ಉಸಿರಾಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ.

ಇದು ಡಯಾಬಿಟಿಕ್ ಕೀಟೋಆಸಿಡೋಸಿಸ್. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳಿಗೆ ಉಪವಾಸವೇ. ಆಗ ದೇಹ ಕೊಬ್ಬನ್ನು ಕರಗಿಸುತ್ತದೆ, ಯಕೃತ್ತು ಅದನ್ನು ಕೀಟೋನ್ ಎಂಬ ಆಮ್ಲವಾಗಿಸುತ್ತದೆ, ಕೀಟೋನ್ ರಕ್ತವನ್ನು ಹುಳಿ ಮಾಡುತ್ತದೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. 7.4ರ ಆಸುಪಾಸು ಇರಬೇಕಾದ ಅದು 7.3ಕ್ಕಿಂತ ಕೆಳಗಿಳಿಯುತ್ತದೆ. ಆ ಏದುಸಿರು ಆಮ್ಲವನ್ನು ಹೊರಹಾಕಲು ಶ್ವಾಸಕೋಶ ಪಡುವ ಪಾಡು. ಮೂತ್ರದಲ್ಲಿ ನೀರೂ ಪೊಟ್ಯಾಷಿಯಮ್ಮೂ ಹರಿದುಹೋಗುತ್ತವೆ. ಸಲೈನ್, ಇನ್ಸುಲಿನ್, ಪೊಟ್ಯಾಷಿಯಂ ಹೊತ್ತಿಗೆ ಸರಿಯಾಗಿ ಸಿಕ್ಕರೆ ಹೆಚ್ಚಿನವರು ಬದುಕುತ್ತಾರೆ. ತಡವಾದರೆ ಪ್ರಾಣವೇ ಹೋಗಬಹುದು.

ತಾಯಿಯ ಲೆಕ್ಕದಲ್ಲಿ ತಪ್ಪು ಹುಡುಕುವುದು ಸುಲಭ. ಆದರೆ "ಊಟಕ್ಕೆ ಮುಂಚೆ ಸೂಜಿ" ಎಂದು ಕಲಿಸಿದವರು ನಾವೇ. ಊಟವಿಲ್ಲದಿದ್ದರೆ ಸೂಜಿಯೂ ಇಲ್ಲ ಎಂದು ಅವರು ಅರ್ಥ ಮಾಡಿಕೊಂಡರು, ಅಷ್ಟೇ. ಜ್ವರ ಬಂದಾಗ ಹೊಟ್ಟೆ ಖಾಲಿಯಿದ್ದರೂ ಯಕೃತ್ತು ಸಕ್ಕರೆ ಸುರಿಯುತ್ತಲೇ ಇರುತ್ತದೆ, ಇನ್ಸುಲಿನ್ ಎಷ್ಟೋ ಸಲ ಮಾಮೂಲಿಗಿಂತ ಹೆಚ್ಚೇ ಬೇಕಾಗುತ್ತದೆ ಎನ್ನುವುದನ್ನು ಚೀಟಿಯಲ್ಲಿ ಯಾರೂ ಬರೆದುಕೊಟ್ಟಿರಲಿಲ್ಲ. ಪ್ರಮಾಣ ಬದಲಿಸಬೇಕೇ ಎಂದು ಡಾಕ್ಟರನ್ನು ಕೇಳಿ. ಟೈಪ್ 1 ಇರುವವರು ಪೂರ್ತಿ ನಿಲ್ಲಿಸುವುದಂತೂ ಕೂಡದು. ಮೂರ್ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ಉಪ್ಪು ಹಾಕಿದ ಗಂಜಿ ತಿಳಿಯನ್ನೋ ಮಜ್ಜಿಗೆಯನ್ನೋ ಗುಟುಕು ಗುಟುಕಾಗಿ ಕುಡಿಸಿ. ವಾಂತಿ ನಿಲ್ಲದಿದ್ದರೆ, ಉಸಿರು ಬಿರುಸಾದರೆ, ಮಂಪರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ.

"ಯಾಕೆ ಇನ್ಸುಲಿನ್ ಬಿಟ್ರಿ?" ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ಆ ಪ್ರಶ್ನೆಗೆ ರೋಗಿ ತಲೆ ತಗ್ಗಿಸುತ್ತಾರೆ, ಉತ್ತರ ಸಿಗುವುದಿಲ್ಲ. ಈಗ ಕೇಳುವುದು ಎರಡೇ. ಬಾಟ್ಲಿ ಎಲ್ಲಿಡ್ತೀರಿ? ಸಿರಿಂಜಿನ ಮುಚ್ಚಳ ಯಾವ ಬಣ್ಣ?

ತಗಡಿನ ಶೀಟಿನ ಒಂದೇ ಕೋಣೆಯ ಮನೆ, ಫ್ರಿಜ್ ಇಲ್ಲ, ಏಪ್ರಿಲ್ ಬಿಸಿಲು. ಇನ್ಸುಲಿನ್ ಬಾಟ್ಲಿ ಟಿವಿ ಮೇಲೆ. ತೆರೆಯದ ಬಾಟ್ಲಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಸುತ್ತಿರುವುದನ್ನು ಬಿಸಿಲು ತಾಕದ ತಣ್ಣನೆ ಜಾಗದಲ್ಲಿ ಸುಮಾರು ನಾಲ್ಕು ವಾರ ಇಡಬಹುದು. ಬಿಸಿಗೆ ಸಿಕ್ಕ ಇನ್ಸುಲಿನ್ ನೋಡಲು ಮೊದಲಿನ ಹಾಗೇ ಇರುತ್ತದೆ, ಸತ್ವ ಮಾತ್ರ ಕುಂದಿರುತ್ತದೆ. ದೊಡ್ಡ ಮಡಕೆಯೊಳಗೆ ಚಿಕ್ಕದೊಂದನ್ನಿಟ್ಟು ನಡುವೆ ಒದ್ದೆ ಮರಳು ತುಂಬಿದರೆ ಕೋಣೆಗಿಂತ ತಂಪಾಗಿರುತ್ತದೆ. ಪಕ್ಕದ ಮನೆಯವರ ಫ್ರಿಜ್ ಸಿಕ್ಕಿತೆಂದು ಫ್ರೀಜರಿಗೆ ಹಾಕಿದವರೂ ಇದ್ದಾರೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಮುಚ್ಚಳದ ಕತೆ ಇನ್ನೂ ವಿಚಿತ್ರ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಅಗ್ಗದ ಬಾಟ್ಲಿಯಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್ಟಿನದಕ್ಕೆ. ಮೆಡಿಕಲ್‌ನವರು ಇದ್ದದ್ದನ್ನು ಕೊಟ್ಟರೆ, 40ರ ಬಾಟ್ಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ, ಮೈಗೆ ಹೋಗುವುದು 8 ಯೂನಿಟ್. ಒಂದು ಹೊತ್ತೂ ತಪ್ಪಿಸದೆ ಚುಚ್ಚಿಕೊಂಡವರೂ ಹೀಗೆ ವಾರ್ಡಿಗೆ ಬರುತ್ತಾರೆ, ನಾವು "ಬೇಜವಾಬ್ದಾರಿ" ಎಂದು ಬಯ್ಯುತ್ತೇವೆ. ತದ್ವಿರುದ್ಧ ಅದಲುಬದಲಾದರೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ಶುಗರ್ ಕುಸಿಯುತ್ತದೆ.

ಕಾಯಿಲೆ ಇದೆಯೆಂದೇ ಗೊತ್ತಿಲ್ಲದ ಮಕ್ಕಳದ್ದು ಬೇರೆ ಸಂಕಟ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗಿದರೆ, ಕೊಡಗಟ್ಟಲೆ ನೀರು ಕುಡಿದರೆ, ತೂಕ ಇಳಿದರೆ ಅಂದೇ ಬೆರಳು ಚುಚ್ಚಿ ನೋಡಬೇಕು. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1991ರಲ್ಲಿ ಇದನ್ನೇ ಪೋಸ್ಟರ್ ಮಾಡಿ ಶಾಲೆಗಳಲ್ಲಿ ಅಂಟಿಸಿದರು, ಮಕ್ಕಳ ವೈದ್ಯರಿಗೂ ಮುಟ್ಟಿಸಿದರು. ಮುಂದಿನ ವರ್ಷಗಳಲ್ಲಿ ಕೀಟೋಆಸಿಡೋಸಿಸ್ ಸ್ಥಿತಿಗೆ ತಲುಪಿದ ಮೇಲೆ ಕಾಯಿಲೆ ಪತ್ತೆಯಾಗುವ ಮಕ್ಕಳ ಪ್ರಮಾಣ ಗಣನೀಯವಾಗಿ ಇಳಿಯಿತು. ನಮ್ಮ ಅಂಗನವಾಡಿ ಗೋಡೆಗೆ ಅಂಥದೊಂದು ಪೋಸ್ಟರ್ ಭಾರವಾಗಲಾರದು.

ದೊಡ್ಡವರಲ್ಲಿ ಸಾಮಾನ್ಯವಾದ ಟೈಪ್ 2 ಸಕ್ಕರೆ ಕಾಯಿಲೆಯವರಿಗೂ ಒಂದು ಮಾತು. ಈಗ ಅಗ್ಗವಾಗಿ ಸಿಗುವ ಡಾಪಾಗ್ಲಿಫ್ಲೋಜಿನ್ ಒಳ್ಳೆಯ ಮಾತ್ರೆಯೇ, ಆದರೆ ವಾಂತಿ, ಉಪವಾಸದ ದಿನ ಅದು ಬೇಡ. ಅದನ್ನು ನುಂಗುವವರಲ್ಲಿ ಶುಗರ್ 200ರ ಆಸುಪಾಸು ಇದ್ದಾಗಲೂ ಕೀಟೋನ್ ಏರಬಹುದು.

ಹುಡುಗಿ ಚೇತರಿಸಿಕೊಂಡಳು. ಮನೆಗೆ ಕಳಿಸುವ ದಿನ ತಾಯಿಯ ಕೈಯಲ್ಲೇ ಇನ್ಸುಲಿನ್ ಎಳೆಸಿ ನೋಡಿದೆವು, ಕೈ ನಡುಗಲಿಲ್ಲ. ಸಿರಿಂಜ್ ತರಲು ಹೋದವರು ಮುಕ್ಕಾಲು ಗಂಟೆ ಬರಲಿಲ್ಲ. ಎದುರಿನ ಮೆಡಿಕಲ್‌ನಲ್ಲಿ ಕೆಂಪು ಮುಚ್ಚಳದ್ದು ಇರಲಿಲ್ಲವಂತೆ, "ಇದೂ ಅದೇ ಅಮ್ಮ" ಎಂದು ಕಿತ್ತಳೆಯದನ್ನು ಮುಂದಿಟ್ಟರಂತೆ. ಮೂರನೇ ಅಂಗಡಿಯಲ್ಲಿ ಸಿಕ್ಕಿತು.