ದಾರ್ಶನಿಕ, ಚಿಂತಕ, ವೇದಾಂತಿ

ಕರಡು ತಿದ್ದುವ ನನ್ನ ಕೆಲಸದಲ್ಲಿ ಮತ್ತೆ ಮತ್ತೆ ಎದುರಾಗುವ ಪದಗಳಲ್ಲಿ ‘ದಾರ್ಶನಿಕ’ ಒಂದು. ಈಚೆಗೆ ಕೈಗೆ ಬಂದ ಅಭಿನಂದನ ಗ್ರಂಥವೊಂದರಲ್ಲಿ, ಸಹಕಾರಿ ಬ್ಯಾಂಕೊಂದನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ‘ಅಪ್ರತಿಮ ದಾರ್ಶನಿಕರು’ ಎಂದು ಕರೆಯಲಾಗಿತ್ತು. ಲೇಖಕರ ಮನಸ್ಸಿನಲ್ಲಿದ್ದುದು ‘ವಿಷನರಿ’. ನಾನು ‘ದೂರದರ್ಶಿ’ ಎಂದು ತಿದ್ದಿದಾಗ, ಹಿರಿಯರನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆನೆಂದು ಅವರಿಗೆ ಬೇಸರವಾಯಿತು.

ನೋಡು ಎಂಬರ್ಥದ ‘ದೃಶ್’ ಧಾತುವಿನಿಂದ ‘ದರ್ಶನ’ ಹುಟ್ಟುತ್ತದೆ. ಅದಕ್ಕೆ ‘ಇಕ’ ಪ್ರತ್ಯಯ ಸೇರಿ ಮೊದಲ ಸ್ವರ ದೀರ್ಘವಾದರೆ, ತರ್ಕದಿಂದ ‘ತಾರ್ಕಿಕ’ ಆದಂತೆ, ‘ದಾರ್ಶನಿಕ’ ಸಿದ್ಧವಾಗುತ್ತದೆ. ಆದರೆ ಇಲ್ಲಿನ ದರ್ಶನ ಗುಡಿಯಲ್ಲಿ ಸಿಗುವ ದರ್ಶನವಲ್ಲ, ನಾಳೆಯ ಕನಸೂ ಅಲ್ಲ. ಜಗತ್ತು ಏನು, ಅರಿಯುವವನು ಯಾರು, ಅರಿವಿಗೆ ಪ್ರಮಾಣವೇನು ಎಂಬ ಪ್ರಶ್ನೆಗಳಿಗೆ, ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ನಿಲ್ಲಿಸಿ, ಖಂಡಿಸಿ, ಆಮೇಲೆ ತನ್ನ ಸಿದ್ಧಾಂತವನ್ನು ಕಟ್ಟುವ ವ್ಯವಸ್ಥೆಗೆ ಆ ಹೆಸರು. ಸಾಂಖ್ಯ, ಯೋಗ, ನ್ಯಾಯ, ವೈಶೇಷಿಕ, ಮೀಮಾಂಸೆ, ವೇದಾಂತಗಳನ್ನು ಷಡ್ದರ್ಶನವೆನ್ನುವುದು ಈ ಅರ್ಥದಲ್ಲಿಯೇ. ದಾರ್ಶನಿಕನೆಂದರೆ ಆಸ್ತಿಕ, ಆಧ್ಯಾತ್ಮಿಕ ಎಂದು ತಿಳಿಯುವವರು ಒಂದು ಸಂಗತಿಯನ್ನು ಗಮನಿಸಬೇಕು: ವಿಜಯನಗರದ ಕಾಲದ, ಹದಿನಾಲ್ಕನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕರಿಂದ. ದೇವರನ್ನೂ ಪರಲೋಕವನ್ನೂ ಒಪ್ಪದ ಮತಕ್ಕೂ ಅಲ್ಲಿ ದರ್ಶನವೆಂಬ ಹೆಸರು ಸಂದಿದೆ.

‘ಚಿಂತಕ’ ಇದಕ್ಕಿಂತ ಸಡಿಲವಾದ ಪದ. ಸಂಸ್ಕೃತದಲ್ಲಿ ಒಂದೇ ಬೇರಿನಿಂದ ಬಂದ ಚಿಂತೆ ಮತ್ತು ಚಿಂತನೆಗಳನ್ನು ಕನ್ನಡದ ಬಳಕೆ ಅಚ್ಚುಕಟ್ಟಾಗಿ ಬೇರ್ಪಡಿಸಿದ್ದು, ಮಗಳ ಮದುವೆಯ ಬಗ್ಗೆ ತಲೆಕೆಡಿಸಿಕೊಂಡವನಿಗೆ ಚಿಂತೆ, ಸಮಾಜದ ಬಗ್ಗೆ ತಲೆಕೆಡಿಸಿಕೊಂಡವನಿಗೆ ಚಿಂತನೆ. ಶಿಕ್ಷಣ, ರಾಜಕೀಯ, ಕೃಷಿಗಳ ಬಗ್ಗೆ ಆಳವಾಗಿ ಯೋಚಿಸಿ ಬರೆಯುವವರನ್ನು ಚಿಂತಕರೆನ್ನಲು ಅಡ್ಡಿಯಿಲ್ಲ. ಆದರೆ ಆಹ್ವಾನಪತ್ರಿಕೆಗಳಲ್ಲಿ ಬೇರೆ ಬಿರುದು ಹೊಳೆಯದ ಅತಿಥಿಗಳಿಗೆಲ್ಲ ‘ಖ್ಯಾತ ಚಿಂತಕರು’ ಎಂದು ಅಂಟಿಸಿ, ಅದರ ತೂಕವನ್ನು ನಾವೇ ಇಳಿಸಿದ್ದೇವೆ.

ಆಡುಮಾತು ಇಂಥವರನ್ನು ಅಷ್ಟು ಗೌರವದಿಂದ ಕಾಣುವುದಿಲ್ಲ. ‘ಸಾಕು, ವೇದಾಂತ ಹೇಳಬೇಡ’ ಎಂದಾಗ ಶಂಕರರೂ ಇಲ್ಲ, ಮಧ್ವರೂ ಇಲ್ಲ. ಕೈಯಲ್ಲಾಗುವ ಕೆಲಸವನ್ನು ಬಿಟ್ಟು ಮಾತನ್ನು ಮುಗಿಲಿಗೇರಿಸುವವನ ಬಗೆಗಿನ ಅಸಹನೆಯಷ್ಟೇ ಇದೆ. ಹಾಗಾಗಿ ಕಥೆಯ ಸಂಭಾಷಣೆಯಲ್ಲಿ ‘ವೇದಾಂತಿ’ ಬಂದರೆ ನಾನು ಮುಟ್ಟುವುದಿಲ್ಲ.

ಪ್ಲೇಟೋ, ಕಾಂಟ್ ಮುಂತಾದವರಿಗೆ ‘ತತ್ತ್ವಜ್ಞಾನಿ’ ಎಂಬುದೇ ರೂಢಿ, ‘ದಾರ್ಶನಿಕ’ ಎಂದರೂ ತಪ್ಪಿಲ್ಲ. ‘ತತ್’ ಎಂಬುದಕ್ಕೆ ‘ತ್ವ’ ಸೇರಿ ಆದ ಪದವಾದ್ದರಿಂದ ಅದರ ಶುದ್ಧ ರೂಪ ‘ತತ್ತ್ವ’. ಪತ್ರಿಕೆಗಳಲ್ಲಿ ನೆಲೆಗೊಂಡಿರುವ ‘ತತ್ವ’ವನ್ನು ನಾನು ತಿದ್ದಲು ಹೋಗುವುದಿಲ್ಲ, ಶಾಸ್ತ್ರಗ್ರಂಥವಾದರೆ ಮಾತ್ರ ಇನ್ನೊಂದು ತಕಾರವನ್ನು ಸೇರಿಸಿಯೇ ಕರಡನ್ನು ಮುಂದಕ್ಕೆ ಕಳುಹಿಸುತ್ತೇನೆ.