ಐಪಿಎಯನ್ನು ಫ್ರೀಝರಿನಿಂದ ಹೊರಗೆ ತೆಗೆಯಿರಿ

"ಇದರಲ್ಲಿ ಮಾವೂ ಇಲ್ಲ, ಮಣ್ಣೂ ಇಲ್ಲ ಮಾರಾಯ್ರೆ, ಬರೀ ಕಹಿ!"

ಬಿಯರ್ ತಯಾರಿಸುವುದು ನನ್ನ ಕಸುಬು. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್, ಕಹಿ ಜಾಸ್ತಿ ಇರುವ ಒಂದು ಬಗೆಯ ಬಿಯರ್. ಅದರಲ್ಲಿ ಮಾವಿನಂಥ ಹಣ್ಣಿನ ಪರಿಮಳ ಇದೆ ಅಂತ ನಾವು ಹೇಳುತ್ತೇವೆ, ಕುಡಿದವರಿಗೆ ಅದು ಸಿಗುವುದಿಲ್ಲ. ರಜೆಯಲ್ಲಿ ಕಾಸರಗೋಡಿಗೆ ಬಂದರೆ ಮದುವೆಮನೆಯಲ್ಲೂ ನನಗೆ ಇದೇ ದೂರು. ಹೇಗೆ ಕುಡಿದಿರಿ ಎಂದು ಕೇಳಿದರೆ ಉತ್ತರವೂ ಒಂದೇ. ಫ್ರೀಝರಿನಲ್ಲಿಟ್ಟು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ, ಬಾಟಲಿಯಿಂದಲೇ. ಹಾಗೆ ಕುಡಿದರೆ ಕಹಿ ಬಿಟ್ಟು ಇನ್ನೇನು ಸಿಗಬೇಕು?

ಹೆಚ್ಚಿನ ಐಪಿಎಗಳಲ್ಲಿ ಹಣ್ಣೇ ಇರುವುದಿಲ್ಲ. ಕೆಲವರು ಹಣ್ಣಿನ ತಿರುಳು ಹಾಕುತ್ತಾರೆ, ಅದನ್ನು ಲೇಬಲ್ ಓದಿ ತಿಳಿಯಬೇಕು. ಉಳಿದದ್ದೆಲ್ಲ ಹಾಪ್ಸ್ ಎಂಬ ಬಳ್ಳಿಯ ಹೂವಿನ ಎಣ್ಣೆಯ ಮಹಿಮೆ. ಸಿಟ್ರಾ, ಮೊಸಾಯಿಕ್‌ನಂಥ ತಳಿಗಳಲ್ಲಿ ಈ ಹಣ್ಣಿನ ಪರಿಮಳ ಜಾಸ್ತಿ. ಹಾಪ್ಸನ್ನು ಕುದಿಸುತ್ತಾ ಹೋದರೆ ಪರಿಮಳ ಹಬೆಯ ಜೊತೆ ಹಾರಿಹೋಗಿ ಕಹಿ ಉಳಿಯುತ್ತದೆ. ಅದಕ್ಕೇ ಹುದುಗು ಬಂದ ಮೇಲೆ ಟ್ಯಾಂಕಿಗೆ ಮತ್ತೊಂದಿಷ್ಟು ಸುರಿಯುತ್ತೇವೆ. ಡ್ರೈ ಹಾಪಿಂಗ್ ಅನ್ನುವುದು ಇದನ್ನೇ.

ಈ ಪರಿಮಳ ಬಿಯರಿನಿಂದ ಮೇಲೆದ್ದು ಬಂದರೆ ಮಾತ್ರ ಮೂಗಿಗೆ ಸಿಗುತ್ತದೆ. ತೀರಾ ತಣ್ಣಗಿದ್ದರೆ ಏಳುವುದೇ ಇಲ್ಲ. ಫ್ರಿಜ್‌ನಿಂದ ಆಗಷ್ಟೇ ತೆಗೆದ ಮಾವಿನಹಣ್ಣನ್ನು ಮೂಸಿ ನೋಡಿ, ಗೊತ್ತಾಗುತ್ತದೆ. ಕಹಿಗೆ ಈ ಕಷ್ಟವಿಲ್ಲ, ಅದು ನೇರ ನಾಲಿಗೆಗೇ ತಗಲುತ್ತದೆ. ಇನ್ನು ಬಾಟಲಿಯ ಸಣ್ಣ ಬಾಯಿಂದ ಕುಡಿದರೆ ಮೂಗಿಗೆ ಪಾಲೇ ಇಲ್ಲ.

ನಂಬಿಕೆ ಬರ್ಲಿಲ್ವಾ? ಮೂಗನ್ನು ಬೆರಳಿಂದ ಬಿಗಿಯಾಗಿ ಹಿಡಿದು ಒಂದು ಗುಟುಕು ಕುಡಿಯಿರಿ. ಕಹಿ, ಚೂರು ಸಿಹಿ, ಗ್ಯಾಸು, ಅಷ್ಟೇ. ನುಂಗಿ, ಮೂಗು ಬಿಡಿ. ಗಂಟಲ ಹಿಂದಿನಿಂದ ಮಾವೋ ಕಿತ್ತಳೆಯೋ ಮೇಲೇರಿ ಬರುತ್ತದೆ. ಎಲ್ಲರ ಮೂಗೂ ಒಂದೇ ಅಲ್ಲ, ಮೊಸಾಯಿಕ್‌ನಲ್ಲಿ ಕೆಲವರಿಗೆ ಈರುಳ್ಳಿ ವಾಸನೆ ಬರುವುದೂ ಉಂಟು.

ಎಷ್ಟು ತಣ್ಣಗಿರಬೇಕು? ಸುಮಾರು 7ರಿಂದ 10 ಡಿಗ್ರಿ. ಥರ್ಮಾಮೀಟರ್ ಹುಡುಕಬೇಡಿ. ನಮ್ಮ ಸೆಕೆಗೆ ಗ್ಲಾಸಿಗೆ ಹೊಯ್ದು ಐದು-ಹತ್ತು ನಿಮಿಷ ಬಿಟ್ಟರೆ ಸಾಕು. ಗ್ಲಾಸು ಅರ್ಧ ಖಾಲಿ ಇರಲಿ, ಪರಿಮಳಕ್ಕೂ ಜಾಗ ಬೇಕಲ್ವಾ?

ಬದಿಯಡ್ಕದ ನಮ್ಮ ಭಾವನಿಗೆ ಈ ಐದು ನಿಮಿಷವೂ ತಡೆಯದು. ಒಮ್ಮೆ ಅಡಿಕೆ ವ್ಯಾಪಾರಿಯ ಫೋನು ಬಂದು ಗ್ಲಾಸು ಜಗಲಿಯಲ್ಲೇ ಉಳಿಯಿತು. ರೇಟಿನ ಜಗಳ ಮುಗಿಸಿ ಬಂದು ಮೂಸಿದವರೇ, "ಓಯ್, ಗೇರುಹಣ್ಣು!" ಅಂದರು. ಸಿಟ್ರಾಕ್ಕೆ ಲಿಚಿಯ ಪರಿಮಳ ಅಂತ ಅಮೆರಿಕದವರು ಬರೆಯುತ್ತಾರೆ. ನಮ್ಮ ಭಾವ ಲಿಚಿಯನ್ನು ಎಲ್ಲಿ ಕಂಡಾರು? ಗೇರುಹಣ್ಣೇ ಸರಿ.

ಐಪಿಎಯಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ 6-7 ಶೇಕಡಾ ಇರುತ್ತದೆ, ಕುಡಿದು ಗಾಡಿ ಮುಟ್ಟಬೇಡಿ. ಇಷ್ಟು ಓದಿ ಬಾಟಲಿಗಳನ್ನು ಕಪಾಟಿನಲ್ಲಿ ಇಡಲೂ ಬೇಡಿ. ಸೆಕೆಗೆ ಹಾಪ್ಸಿನ ಪರಿಮಳ ಬೇಗ ಸಾಯುತ್ತದೆ. ಇಡುವುದು ಫ್ರಿಜ್‌ನಲ್ಲೇ, ಕಾಯುವುದು ಗ್ಲಾಸಿಗೆ ಹೊಯ್ದ ಮೇಲೆ. ಕೊಳ್ಳುವಾಗ ಪ್ಯಾಕ್ ಮಾಡಿದ ತಾರೀಕು ನೋಡಿ. ತಿಂಗಳುಗಟ್ಟಲೆ ಅಂಗಡಿಯ ಬಿಸಿಲಲ್ಲಿ ಕೂತ ಬಾಟಲಿ ತಂದು ಮಾವು ಎಲ್ಲಿ ಅಂತ ನನ್ನನ್ನು ಕೇಳಬೇಡಿ.